ಎರಡೂ ಮುರಿದಾಗ – ಏಳನೆಯ ಕಂತು: ಕಿಲುಬು ಹಿಡಿದ ತಂತಿ

ಚೀಟಿಯಲ್ಲಿದ್ದದ್ದು ಒಂದೂವರೆ ಸಾಲು. ‘ಸೋಂಕು ತಗುಲಿದ ಪ್ಲೇಟುಗಳು, ಒಂದು ಪೆಟ್ಟಿಗೆ. ಇಂದೇ ಬೇಯಿಸಿ ಬಿಸಾಡತಕ್ಕದ್ದು.’ ಕೆಳಗೆ ಮೇಲಿನ ಮಹಡಿಯ ಮುಖ್ಯಸ್ಥ ಇಸ್ತ್ರಿ ಸಾಹೇಬರ ಸಹಿ, ಅವರ ಅಂಗಿಯ ಗೆರೆಯಷ್ಟೇ ನೇರವಾಗಿ.

ಸೌಟಕ್ಕ ಮೂರು ಸಲ ಓದಿದಳು. ಮೊದಲ ಸಲ ಅರ್ಥವಾಗಲಿಲ್ಲ. ಎರಡನೆಯ ಸಲ ಅರ್ಥವಾಯಿತು. ಮೂರನೆಯ ಸಲಕ್ಕೆ ಕಿವಿಯ ತುದಿಗೆ ಹತ್ತಿದ ಉರಿ ಕುತ್ತಿಗೆಯವರೆಗೂ ಇಳಿಯಿತು.

ಯಾವ ಪೆಟ್ಟಿಗೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅದು ಅವಳ ಕಣ್ಣೆದುರಿಗೇ, ಸ್ಟೀಲ್ ಮೇಜಿನ ಮೇಲೆ, ಪೊಲೀಸರ ಅರಗಿನ ಸಮೇತ ಕೂತಿತ್ತು. ನೀಲಿ ಪ್ಲಾಸ್ಟಿಕ್ ಪೆಟ್ಟಿಗೆ. ಒಳಗೆ ನಲವತ್ತು ಪ್ಲೇಟು. ಆರು ದಿನದ ಹಿಂದೆ, ಬೆಳಿಗ್ಗೆ ಕೋಲ್ಡ್ ರೂಮಿನ ಬಾಗಿಲು ತೆಗೆದಾಗ, ಇಲ್ಲೇ ಸಂಶೋಧನೆ ಮಾಡುವ ಅವಳ ತಂಗಿ ಅದನ್ನೇ ಎದೆಗವಚಿಕೊಂಡು ನೆಲದ ಮೇಲೆ ಬಿದ್ದಿದ್ದಳು. ಮರಗಟ್ಟಿದ ಬೆರಳು ಬಿಡಿಸಲು ಇಬ್ಬರು ಬೇಕಾಗಿದ್ದರು. ಅವತ್ತಿನಿಂದ ತಂಗಿ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿಕೊಂಡೇ ಇದ್ದಾಳೆ.

ಆ ಪೆಟ್ಟಿಗೆಯನ್ನು ಈಗ ಬೇಯಿಸಬೇಕಂತೆ. ಅದೂ ಅಕ್ಕನ ಕೈಯಲ್ಲೇ.

“ಬೇಯಿಸ್ತೀನಿ,” ಎಂದಳು ಸೌಟಕ್ಕ ಖಾಲಿ ಕೋಣೆಗೆ. “ಯಾರನ್ನ ಅಂತ ನೋಡೋಣ.”

ಆ ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಹನ್ನೊಂದು ವರ್ಷದಿಂದ ಅಡುಗೆ ಅವಳದು. ಉಣ್ಣುವವರು ಮನುಷ್ಯರಲ್ಲ, ಮೇಲಿನ ಮಹಡಿಯವರು ಸಾಕಿಕೊಂಡ ಯೀಸ್ಟು. ಸಕ್ಕರೆ, ಉಪ್ಪು, ಅಗರ್ ಪುಡಿ ಅಳೆದು, ನೀರಿಗೆ ಹಾಕಿ, ತೋಳುದ್ದದ ಸೌಟಿನಲ್ಲಿ ಕಲಕಿ, ದೊಡ್ಡ ಕುಕ್ಕರಿನಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಪ್ಲೇಟುಗಳಿಗೆ ಹುಯ್ಯಬೇಕು. ಅದು ತಣಿದು ಗಟ್ಟಿಯಾದ ಮೇಲೆ ಮೇಲಿನವರು ಅದರ ಮೇಲೆ ಯೀಸ್ಟು ಬೆಳೆಸುತ್ತಾರೆ. ಕೆಲಸ ಮುಗಿದ ಪ್ಲೇಟುಗಳು ಮತ್ತೆ ಅವಳ ಕುಕ್ಕರಿಗೇ ಬಂದು, ಬೆಂದು, ಸತ್ತು, ಕಸಕ್ಕೆ ಹೋಗುತ್ತವೆ. ಹುಟ್ಟಿಸುವವಳೂ ಅವಳೇ, ಸುಡುವವಳೂ ಅವಳೇ. ಅದಕ್ಕೇ ಯಾರೂ ಅವಳ ಮುಖ ನೋಡುವುದಿಲ್ಲ. ಸೌಟು ನೋಡುತ್ತಾರೆ, ಹಾಗೇ ಕರೆಯುತ್ತಾರೆ.

ಐದು ಗಂಟೆಗೆ ಇನ್ಸ್‌ಪೆಕ್ಟರಮ್ಮ ಕಡತ ಮುಚ್ಚುವವರಿದ್ದರು. ‘ಆಕಸ್ಮಿಕ. ಸಂಶೋಧಕಿಯ ಅಜಾಗರೂಕತೆ.’ ಆ ಹೊತ್ತಿಗೆ ಪ್ಲೇಟುಗಳೂ ಬೆಂದು ಹೋದರೆ, ನಾಳೆ ತಂಗಿ ಎದ್ದು ಕೂತರೂ ಅವಳ ಮಾತಿಗೆ ಸಾಕ್ಷಿ ಅಂತ ಒಂದು ಚೂರೂ ಇರುವುದಿಲ್ಲ. ಆರು ದಿನದಿಂದ ಮೇಲಿನ ಮಹಡಿಯಲ್ಲಿ ಅದೇ ಪಿಸುಮಾತು. ಹುಡುಗಿ ಜೋಪಾನವಿಲ್ಲದವಳು. ಹುಡುಗಿ ತನ್ನ ಲೆಕ್ಕ ತಪ್ಪಾದದ್ದಕ್ಕೆ ಗಾಬರಿಬಿದ್ದಿದ್ದಳು. ಹುಡುಗಿ ಹಾಗೆ, ಹುಡುಗಿ ಹೀಗೆ.

ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು.

ಸೌಟಕ್ಕ ಚಾಕುವಿನಿಂದ ಅರಗು ಎಬ್ಬಿಸಿದಳು.

*

ಬೆಳಿಗ್ಗೆ ಕಂಡದ್ದು ಇನ್ನೂ ಕಣ್ಣಲ್ಲಿ ಚುಚ್ಚುತ್ತಿತ್ತು.

ಪೆಟ್ಟಿಗೆ ಕೆಳಗೆ ತಂದಿಡು ಎಂದು ಸಾಹೇಬರು ಹೇಳಿಕಳಿಸಿದ್ದರಿಂದ ಕೋಲ್ಡ್ ರೂಮಿಗೆ ಹೋದಾಗ ಬಾಗಿಲಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದರು. ಒಳಬದಿಯ ಹಿಡಿ ಇದ್ದ ಜಾಗದಲ್ಲಿ ಬರೀ ನಾಲ್ಕು ತೂತು. ಹಿಡಿ ನೆಲದ ಮೇಲೆ ಸಿಕ್ಕಿತ್ತು. ನಾಲ್ಕು ತಿರುಪುಗಳಲ್ಲಿ ಒಂದೂ ಸಿಕ್ಕಿರಲಿಲ್ಲ. ಹಿಡಿ ಕಿತ್ತುಬಂದರೆ ಗತಿಯೇನು ಅಂತಲೇ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಕೆಂಪು ಗುಂಡಿ ಇಟ್ಟಿದ್ದರು. ಒತ್ತಿದರೆ ಹೊರಗೆ ಗಂಟೆ ಬಡಿಯಬೇಕು. ತಂಗಿ ಒತ್ತಿದ್ದಾಳೆ. ಒತ್ತಿ ಒತ್ತಿ ಹೆಬ್ಬೆರಳಿನ ಉಗುರು ಕಿತ್ತುಹೋಗಿದೆ. ಗಂಟೆ ಬಡಿದಿಲ್ಲ, ಕಪಾಟಿನ ಹಿಂದೆ ಹಾಯ್ದ ಅದರ ತಂತಿಯನ್ನೇ ಕತ್ತರಿಸಿಹಾಕಿದ್ದರು.

‘ಹಿಂದಿನ ದಿನವಷ್ಟೇ ಯಾರೋ ತಿಳೀದೆ ಕತ್ತರಿಸಿದಾರೆ’ ಎಂದು ಪೊಲೀಸರಿಗೆ ಹೇಳಿದ್ದು ಮಾವ.

ಮಾವ ಎಂದರೆ ಅವರ ಅಮ್ಮನ ತಮ್ಮ, ಈ ಕಟ್ಟಡದ ಫಿಟ್ಟರ್. ಇಲ್ಲಿನ ಪ್ರತಿ ಪೈಪು, ಪ್ರತಿ ತಿರುಪೂ ಅವನ ಕೈಗೆ ಪರಿಚಯ. ಕೆಲಸ ಮಾಡುವಾಗ ಸಣ್ಣಗೆ ಶಿಳ್ಳೆ ಹಾಕುತ್ತಾನೆ. ಶಿಳ್ಳೆ ಕೇಳಿದರೆ ಸಾಕು, ಏನೋ ಒಂದು ಸರಿಹೋಗುತ್ತಿದೆ ಅಂತ ಎಲ್ಲರಿಗೂ ನಿರಾಳ. ಅಪ್ಪ ಅಮ್ಮ ಹೋದ ಮೇಲೆ ಅಕ್ಕತಂಗಿಯರನ್ನು ಸಾಕಿದವನೂ ಅವನೇ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಸೌಟಕ್ಕನದು, ರಜೆ ಹಾಕಿದ ಅವನದು ಹಗಲು.

ಬೆಳಿಗ್ಗೆ ಸೌಟಕ್ಕ ಕಪಾಟು ಸರಿಸಿ, ಬಗ್ಗಿ, ಆ ತಂತಿಯ ತುದಿ ನೋಡಿದ್ದಳು.

ಹಸಿರು. ತುದಿಯಲ್ಲಿ ಕಿಲುಬು ಕಟ್ಟಿತ್ತು.

ಅಜ್ಜಿಯ ಮನೆಯ ತಾಮ್ರದ ಹಂಡೆ ತಿಕ್ಕಿ ತಿಕ್ಕಿ ಬೆಳೆದವಳು ಅವಳು. ಹೊಸದಾಗಿ ಕತ್ತರಿಸಿದ ತಾಮ್ರ ಹೊಳೆಯುತ್ತದೆ. ಎಷ್ಟೇ ತೇವವಿರಲಿ, ಇಂಥ ಹಸಿರು ಒಂದು ವಾರದಲ್ಲಿ ಏರುವಂಥದ್ದಲ್ಲ. ತಿಂಗಳುಗಳು ಬೇಕು. ಎರಡು, ಮೂರು.

ಮಾವನಿಗೆ ಇತ್ತೀಚೆಗೆ ಕಣ್ಣು ಮಂಜು, ಎಂದುಕೊಂಡಿದ್ದಳು. ಅವನಿಗೂ ಅವತ್ತು ಕೈಕಾಲು ಆಡುತ್ತಿರಲಿಲ್ಲವಲ್ಲ.

*

ಈಗ ಪ್ಲೇಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು.

ಪ್ರತಿಯೊಂದರ ತಳದಲ್ಲೂ ತಂಗಿ ಮಾರ್ಕರಿನಿಂದ ಕೂಡು ಗುರುತು ಎಳೆದು ನಾಲ್ಕು ಪಾಲು ಮಾಡಿದ್ದಳು. ಮೊದಲ ಪಾಲಿನಲ್ಲಿ ಏನೂ ಮುರಿಯದ ಗಟ್ಟಿ ಯೀಸ್ಟು. ಎರಡನೆಯದರಲ್ಲಿ ಒಂದು ಜೀನು ಮುರಿದದ್ದು. ಮೂರನೆಯದರಲ್ಲಿ ಇನ್ನೊಂದು ಮುರಿದದ್ದು. ನಾಲ್ಕನೆಯದರಲ್ಲಿ ಎರಡೂ ಮುರಿದದ್ದು.

“ಅಕ್ಕಾ, ನಾಲ್ಕನೇ ಪಾಲು ಬಾಯಿಬಿಡುತ್ತೆ ನೋಡು,” ಎಂದಿದ್ದಳು ತಂಗಿ, ಇದೇ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು. “ಇವಳು ಸೋಮಾರಿ.” ಜೀನುಗಳಿಗೆಲ್ಲ ಅಡ್ಡಹೆಸರಿಡುವ ಚಟ ಅವಳಿಗೆ. “ಸೋಮಾರಿನ ಮುರಿದ್ರೆ ಬೆಳೆ ನೂರರಲ್ಲಿ ಎಂಬತ್ತು. ಇವಳು ಅಳುಬುರುಕಿ. ಇವಳನ್ನ ಮುರಿದ್ರೆ ಐವತ್ತು. ಇಬ್ಬರನ್ನೂ ಮುರಿದ್ರೆ ಎಷ್ಟು?”

“ಎಂಬತ್ತರಲ್ಲಿ ಅರ್ಧ. ನಲವತ್ತು.” ಲೀಟರಿಗೆ ಇಷ್ಟು ಗ್ರಾಂ ಎಂದು ದಿನವಿಡೀ ಗುಣಿಸುವವಳಿಗೆ ಅದೇನು ದೊಡ್ಡದು?

“ಅದು ಇಬ್ಬರಿಗೂ ನಂಟೇ ಇಲ್ಲದಿದ್ರೆ. ಒಂದೇ ಪೈಪಿನ ಮೇಲೆ ಇಬ್ಬರೂ ಕೂತಿದ್ರೆ? ಅಳುಬುರುಕಿ ಮುರಿದಾಗಲೇ ಪೈಪು ಕಟ್ಟಿಕೊಂಡಿದೆ. ಸೋಮಾರಿ ಇನ್ನೇನು ತಾನೆ ಕೆಡಿಸ್ತಾಳೆ? ಐವತ್ತು ಐವತ್ತೇ.”

“ಮತ್ತೆ ಈ ಪ್ಲೇಟಲ್ಲಿ ನಾಲ್ಕನೇ ಪಾಲು ಖಾಲಿ?”

ತಂಗಿಯ ಕಣ್ಣು ಮಿಂಚಿತ್ತು. “ಅಜ್ಜಿಯ ರಾಕ್ಷಸ ನೆನಪಿದಾನಾ? ಪ್ರಾಣನ ಗಿಳಿಯಲ್ಲಿ ಬಚ್ಚಿಟ್ಟಿದ್ದ. ಆದ್ರೆ ಅಜ್ಜಿ ಹೇಳೋ ಕತೇಲಿ ಗಿಳಿ ಎರಡು. ಒಂದರ ಕತ್ತು ಹಿಚುಕಿದ್ರೆ ರಾಕ್ಷಸ ನಗ್ತಾನೆ. ಇನ್ನೊಂದನ್ನ ಮಾತ್ರ ಹಿಚುಕಿದ್ರೂ ನಗ್ತಾನೆ. ಎರಡನ್ನೂ ಹಿಚುಕಿದ್ರೇ ದೊಪ್ ಅಂತ ಬೀಳೋದು. ಈ ಜೋಡಿ ಹಾಗೇ. ಹೀಗೆ ಜೋಡಿ ಜೋಡಿಯಾಗಿ ಮುರಿದು ನೋಡ್ತಾ ಹೋದ್ರೆ ಯಾರು ಯಾರ ಹಿಂದೆ, ಯಾರು ಯಾರ ಬದಲಿಗೆ ಅಂತ ಒಳಗಿನ ನಕ್ಷೆನೇ ಬಂದ್ಬಿಡುತ್ತೆ. ಕಣ್ಣಿಗೆ ಕಾಣದ್ದರ ನಕ್ಷೆ ಅಕ್ಕಾ!”

ಆ ದಿನ ಸೌಟಕ್ಕ ನಕ್ಕು, ಕಾಲು ಕೆಳಗಿಳಿಸು, ಮೇಜು ಗಲೀಜಾಗುತ್ತೆ ಎಂದು ಬೈದಿದ್ದಳು.

ಈಗ ನಗು ಎಲ್ಲಿಂದ ಬರಬೇಕು. ಹದಿನೇಳನೆಯ ಪ್ಲೇಟಿನ ಮುಚ್ಚಳದ ಮೇಲೆ ತಂಗಿಯ ಗುಂಡು ಅಕ್ಷರ: ಸೋಮಾರಿ, ಅಳುಬುರುಕಿ. ನಾಲ್ಕನೆಯ ಪಾಲು ಮೂರನೆಯದರಷ್ಟೇ ಇತ್ತು. ಐವತ್ತು.

ಪಕ್ಕದಲ್ಲೇ ಇನ್ನೊಂದು ಸಾಲು, ಒತ್ತಿ ಬರೆದದ್ದು: ‘ಗೋಡೆಯಲ್ಲಿ ನಲವತ್ತು. ಯಾಕೆ?’

ಗೋಡೆ!

ಸೌಟಕ್ಕ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದಳು. ಮೊದಲ ಮಹಡಿಯ ಗೋಡೆಗೆ ಇಸ್ತ್ರಿ ಸಾಹೇಬರ ಪೋಸ್ಟರು ಅಂಟಿಸಿದ್ದರು, ಬಾಗಿಲಿನಷ್ಟು ದೊಡ್ಡದು. ಮೇಲರ್ಧ ಜೀನುಗಳ ನಕ್ಷೆ, ಜೇಡರ ಬಲೆಯ ಹಾಗೆ. ಕೆಳಗೆ ಮುನ್ನೂರು ಜೋಡಿಗಳ ಪಟ್ಟಿ. ಆ ನಕ್ಷೆಗೆ ಅವರಿಗೆ ಶಾಲು, ಹಾರ, ಫೋಟೋ ಎಲ್ಲ ಆಗಿತ್ತು.

ಬೆರಳಿಟ್ಟು ಓದಿದಳು. ಎಂಬತ್ತು, ಐವತ್ತು, ಎರಡೂ ಮುರಿದರೆ ನಲವತ್ತು, ನಂಟಿಲ್ಲ. ತೊಂಬತ್ತು, ಅರವತ್ತು, ಐವತ್ತನಾಲ್ಕು, ನಂಟಿಲ್ಲ. ಎಪ್ಪತ್ತು, ಎಪ್ಪತ್ತು, ನಲವತ್ತೊಂಬತ್ತು, ನಂಟಿಲ್ಲ.

ಒಂದೇ ಪಾತ್ರೆಯಿಂದ, ಒಂದೇ ಕೈಯಿಂದ ಹುಯ್ದರೂ ಅವಳ ಎರಡು ಪ್ಲೇಟು ಯಾವತ್ತೂ ಒಂದೇ ಸಮ ಬಂದಿಲ್ಲ. ಇಲ್ಲಿ ಜೀವವಿರುವ ಯೀಸ್ಟು, ಒಂದು ಕೂದಲೆಳೆ ಆಚೀಚೆ ಆಗದೆ, ಮಗ್ಗಿ ಒಪ್ಪಿಸುತ್ತಿದೆ!

ಹನ್ನೆರಡು ಜೋಡಿ ಮಾತ್ರ ಮಗ್ಗಿಗೆ ಬಗ್ಗಲಿಲ್ಲ. ಉಳಿದದ್ದನ್ನು ಯಾರೂ ಬೆಳೆಸಿಲ್ಲ. ಕುರ್ಚಿಯಲ್ಲಿ ಕೂತು ಗುಣಿಸಿದ್ದಾರೆ.

ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಪ್ರಯೋಗದ ದಿನಾಂಕಗಳಿದ್ದವು. ಮೂರು ತಿಂಗಳ ಹಿಂದಿನ ಇಪ್ಪತ್ತು ದಿನ. ಸೌಟಕ್ಕನಿಗೆ ಆ ಇಪ್ಪತ್ತು ದಿನ ಚೆನ್ನಾಗಿ ನೆನಪಿತ್ತು.

ಪೋಸ್ಟರಿನ ಎರಡೂ ಮೂಲೆ ಹಿಡಿದು ಎಳೆದಳು. ಗೋಡೆಯ ಸುಣ್ಣದ ಸಮೇತ ಕಿತ್ತುಬಂತು. ಎದುರಿಗೆ ಬರುತ್ತಿದ್ದ ಗುಮಾಸ್ತೆ ಬಾಯಿಬಿಟ್ಟು ನಿಂತಳು.

“ಸೌಟಕ್ಕಾ! ಏನಿದು?”

“ಧೂಳಾಗಿತ್ತು. ಸಾಹೇಬರಿಗೆ ಹೇಳು, ಕುಕ್ಕರ್ ಕೆಟ್ಟಿದೆ, ಅವರ ಪ್ಲೇಟು ಬೇಯ್ತಾ ಇಲ್ಲ ಅಂತ.”

“ಕುಕ್ಕರ್ ಕೆಟ್ರೆ ನಿಮ್ಮ ಮಾವಂಗೆ ತಾನೆ ಫೋನ್ ಮಾಡಬೇಕು?”

“ನೀನು ಸಾಹೇಬರಿಗೆ ಹೇಳು.”

*

ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನೆಲಮಾಳಿಗೆಗೆ ಇಳಿಯದ ಇಸ್ತ್ರಿ ಸಾಹೇಬರು ನಾಲ್ಕೇ ನಿಮಿಷದಲ್ಲಿ ಇಳಿದು ಬಂದರು. ಬೂಟಿನ ಸದ್ದು ಮೆಟ್ಟಿಲ ಮೇಲೆ ಓಡುತ್ತಿತ್ತು. ಬಾಗಿಲ ಹತ್ತಿರ ಬಂದಾಗ ಮಾತ್ರ ನಡಿಗೆಯಾಯಿತು.

“ಏನಮ್ಮಾ, ಏನು ತೊಂದರೆ?”

“ತೊಂದರೆ ಏನಿಲ್ಲ ಸಾರ್. ಕುಕ್ಕರ್ ಸರಿಯಾಗೇ ಇದೆ.”

ಅವರ ಕಣ್ಣು ಅರಗು ಕಿತ್ತ ಪೆಟ್ಟಿಗೆಯ ಮೇಲೆ ಬಿತ್ತು. ಆಮೇಲೆ ಮೇಜಿನ ಮೇಲೆ ಹಾಸಿದ್ದ ಪೋಸ್ಟರಿನ ಮೇಲೆ. ಅದರ ನಾಲ್ಕು ಮೂಲೆಗೂ ಅಗರ್ ಡಬ್ಬಿ ಹೇರಿದ್ದಳು.

“ಇದೇನು ಹುಚ್ಚಾಟ? ನಿನ್ನ ತಂಗಿಗಾದದ್ದು ನಮಗೆಲ್ಲ ನೋವೇ. ಹಾಗಂತ...”

“ನೋವಾ? ನೋವಿನ ಚೀಟಿ ಓದಿದೆ ಸಾರ್. ‘ಬೇಯಿಸಿ ಬಿಸಾಡತಕ್ಕದ್ದು.’ ಅವಳಿಗೆ ಇನ್ನೂ ಉಸಿರಿದೆ. ಇಷ್ಟು ಬೇಗ ತಿಥಿ ಮಾಡೋಕೆ ಕೂತ್ರಾ?”

“ದನಿ ತಗ್ಗಿಸಿ ಮಾತಾಡು.”

“ಹನ್ನೊಂದು ವರ್ಷ ತಗ್ಗಿಸಿದೀನಿ. ಇವತ್ತು ಆಗಲ್ಲ.” ಅವಳು ಹದಿನೇಳನೆಯ ಪ್ಲೇಟು ಎತ್ತಿ ಅವರ ಮೂಗಿನ ಮುಂದೆ ಹಿಡಿದಳು. “ನಾಲ್ಕನೇ ಪಾಲು ಎಷ್ಟು ಬೆಳೆದಿದೆ ಹೇಳಿ.”

“ನಿನಗೆ ಇದೆಲ್ಲ ಅರ್ಥ ಆಗೋದಿಲ್ಲಮ್ಮ.”

“ಎಷ್ಟು ಅಂದೆ.”

ಸಾಹೇಬರು ನೋಡಲಿಲ್ಲ. ನೋಡಬೇಕಾಗಿರಲಿಲ್ಲ.

“ಐವತ್ತು. ನಿಮ್ಮ ಪಟ್ಟೀಲಿ ನಲವತ್ತು. ಇದನ್ನ ಕೇಳೋಕೆ ಅವಳು ನಿಮ್ಮ ಕೋಣೆಗೆ ಬಂದ್ಲು, ಅಲ್ವಾ? ಬೆಳೆಸಿದ ಪ್ಲೇಟು ತೋರಿಸು ನೋಡೋಣ ಅಂದ್ರಿ. ತರೋಕೆ ಅಂತ ಕೋಲ್ಡ್ ರೂಮಿಗೆ ಹೋದ್ಲು.”

“ಪ್ರಯೋಗ ಅಂದ್ಮೇಲೆ ಸಲ್ಪ ವ್ಯತ್ಯಾಸ ಬರುತ್ತೆ. ಒಂದು ಸಲ ನಲವತ್ತು, ಒಂದು ಸಲ ಐವತ್ತು...”

“ಬರುತ್ತೆ ಸಾರ್, ಬರಲೇಬೇಕು! ನಿಮ್ಮ ಪಟ್ಟೀಲಿ ಮಾತ್ರ ಬಂದೇ ಇಲ್ಲ. ಇನ್ನೂರ ಎಂಬತ್ತೆಂಟು ಜೋಡಿ, ಒಂದೊಂದೂ ಮಗ್ಗಿ ಪುಸ್ತಕದಿಂದ ಎದ್ದು ಬಂದಂಗಿದೆ. ಮೂರನೇ ಕ್ಲಾಸಿನ ಮಕ್ಕಳ ಹೋಮ್‌ವರ್ಕಿಗೆ ಶಾಲು ಹೊದಿಸಿಕೊಂಡ್ರಾ?”

ಸಾಹೇಬರ ಕೈ ಕೊರಳಪಟ್ಟಿಗೆ ಹೋಯಿತು. “ಇದನ್ನ ಯಾರು ಹೇಳಿಕೊಟ್ರು ನಿನಗೆ?”

“ಅಗರ್. ಇನ್ನೊಂದು ಕೇಳಿ. ಈ ತಾರೀಖು ನೋಡಿ. ಈ ಇಪ್ಪತ್ತು ದಿನ ನನ್ನ ಕುಕ್ಕರಿನ ವಾಲ್ವ್ ಕೆಟ್ಟು ಕೂತಿತ್ತು. ಇಡೀ ಕಟ್ಟಡಕ್ಕೆ ಒಂದು ಪ್ಲೇಟೂ ಹೋಗಿಲ್ಲ. ನಿಮ್ಮೊಬ್ಬರನ್ನ ಬಿಟ್ಟು ಎಲ್ಲರೂ ಇಲ್ಲಿ ಬಂದು ನನ್ನ ಮೇಲೆ ಹಾರಾಡಿ ಹೋದ್ರು. ನಿಮ್ಮ ಯೀಸ್ಟು ಯಾವುದರ ಮೇಲೆ ಬೆಳೀತು? ನಿಮ್ಮ ಅಂಗೈ ಮೇಲಾ?”

ಸಾಹೇಬರು ಪೋಸ್ಟರಿನ ಮೂಲೆಯ ತಾರೀಖುಗಳ ಮೇಲೆ ಬೆರಳಾಡಿಸಿದರು.

ಆಮೇಲೆ ಇಸ್ತ್ರಿ ಸಾಹೇಬರು ಸ್ಟೂಲು ಎಳೆದುಕೊಂಡು ಕೂತರು. ಕೂತದ್ದೇ ಅವರ ಅಂಗಿಯಲ್ಲಿ ಹತ್ತು ಕಡೆ ಸುಕ್ಕು ಬಿತ್ತು. ಅವರನ್ನು ಅವಳು ಹಾಗೆ ಎಂದೂ ನೋಡಿರಲಿಲ್ಲ.

“ಸರಿ,” ಎಂದರು. “ಪಟ್ಟಿ ತುಂಬಿಸಿದ್ದು ನಾನೇ. ಸಮಯ ಇರಲಿಲ್ಲ. ನಂಟಿರೋ ಜೋಡಿಗಳೆಲ್ಲ ಸಿಕ್ಕಾಯ್ತು, ಉಳಿದದ್ದು ಹೇಗೂ ಗುಣಾಕಾರಕ್ಕೇ ಬರುತ್ತೆ ಅಂದ್ಕೊಂಡೆ.”

“ಅಂದ್ಕೊಂಡ್ರಿ! ಅವಳು ಒಂದೊಂದೂ ಬೆಳೆಸಿ, ಕಣ್ಣು ಕೆಂಪು ಮಾಡ್ಕೊಂಡು ಎಣಿಸಿದಾಳೆ. ನೀವು ಅಂದ್ಕೊಂಡ್ರಿ. ಈಗ ತಂತಿ ವಿಷಯಕ್ಕೆ ಬನ್ನಿ.”

“ಯಾವ ತಂತಿ?”

ಅವಳು ಮಾರ್ಕರ್ ತೆಗೆದು ಮೇಜಿನ ಸ್ಟೀಲಿನ ಮೇಲೇ ಕೂಡು ಗುರುತು ಎಳೆದಳು. ತಂಗಿಯ ಹಾಗೇ, ನಾಲ್ಕು ಪಾಲು.

“ಇಲ್ಲಿ ನೋಡಿ. ಮೊದಲನೇದು, ಹಿಡಿ ಸರಿ, ಗಂಟೆ ಸರಿ. ಬದುಕು. ಎರಡನೇದು, ಹಿಡಿ ಮುರಿದಿದೆ, ಗಂಟೆ ಇದೆ. ಒತ್ತಿದ್ರೆ ಯಾರಾದ್ರೂ ಬರ್ತಾರೆ. ಬದುಕು. ಮೂರನೇದು, ಗಂಟೆ ಸತ್ತಿದೆ, ಹಿಡಿ ಇದೆ. ತಿರುಗಿಸಿ ಆಚೆ ಬರ್ತೀವಿ. ಬದುಕು.” ಮಾರ್ಕರಿನ ತುದಿ ನಾಲ್ಕನೆಯ ಪಾಲಿನ ಮೇಲೆ ನಿಂತಿತು. “ಇಲ್ಲಿ ನನ್ನ ತಂಗಿ ಬಿದ್ದಿದ್ಲು.”

ಸಾಹೇಬರು ಸ್ಟೂಲನ್ನು ಮೇಜಿನಿಂದ ಹಿಂದಕ್ಕೆ ಸರಿಸಿದರು.

“ಎಲ್ಲರೂ ಗಂಟೆ ಕೆಡಿಸಿದವನನ್ನ ಹುಡುಕಿ ಕೈಬಿಟ್ರು, ಹಿಂದಿನ ದಿನ ಯಾರೋ ತಿಳೀದೆ ಕತ್ತರಿಸಿದ್ದು ಅಂತ. ಸುಳ್ಳು. ತಂತಿ ತುದೀಲಿ ಕಿಲುಬಿದೆ. ಗಂಟೆ ಸತ್ತು ಮೂರು ತಿಂಗಳಾಗಿದೆ. ಯಾರಿಗೂ ಗೊತ್ತಾಗಲಿಲ್ಲ, ಯಾಕೆ? ಹಿಡಿ ಗಟ್ಟಿಯಾಗಿತ್ತಲ್ಲ! ಗಂಟೆ ಯಾರಿಗೆ ಬೇಕಿತ್ತು? ಒಂದು ಗಿಳಿ ಸತ್ತಿದ್ದು ಯಾರಿಗೂ ಕಾಣಲಿಲ್ಲ. ಹಾಗಾದ್ರೆ ಅವತ್ತು ಸಂಜೆ ಹಿಡಿಯ ತಿರುಪು ಬಿಚ್ಚಿದವನು ಯಾರೋ, ಅವನಿಗೆ ಗಂಟೆ ಸತ್ತಿರೋದು ಮೊದಲೇ ಗೊತ್ತಿತ್ತು. ತಂತಿ ಕತ್ತರಿಸಿದವನು ಬಿಟ್ರೆ ಅದು ಗೊತ್ತಾಗೋಕೆ ಇರೋದು ಒಂದೇ ದಾರಿ ಸಾರ್. ಮೊದಲೇ ಒಂದು ಸಲ ಅದರೊಳಗೆ ಸಿಕ್ಕಿಹಾಕ್ಕೊಂಡು, ಗುಂಡಿ ಒತ್ತಿ ನೋಡಿರಬೇಕು. ಯಾರದು?”

ಉತ್ತರ ಅವರ ಮುಖದಲ್ಲೇ ಇತ್ತು. ಅಂಗಿಯ ಬಿಳುಪೂ ಮುಖದ ಬಿಳುಪೂ ಒಂದಾಗಿತ್ತು.

“ನಾನು,” ಎಂದರು.

ಸೌಟಕ್ಕನ ಕೈಯಲ್ಲಿ ಸೌಟು ಯಾವಾಗ ಬಂತೋ ಅವಳಿಗೇ ತಿಳಿಯದು. ಮೇಜಿಗೆ ಬಡಿದ ಏಟಿಗೆ ಅಗರ್ ಡಬ್ಬಿ ಉರುಳಿ ನೆಲವೆಲ್ಲ ಹಿಟ್ಟಿನ ಹಾಗೆ ಬೆಳ್ಳಗಾಯಿತು.

“ಹಾಳಾದವನೇ! ನಿನ್ನ ಮಗ್ಗಿ ಉಳಿಸಿಕೊಳ್ಳೋಕೆ ಆ ಕೂಸನ್ನ...”

“ಹಿಡಿ ನಾನು ಮುಟ್ಟಿಲ್ಲ! ಕೇಳು, ಪೂರ್ತಿ ಕೇಳು!” ಸಾಹೇಬರು ಎರಡೂ ಕೈ ಮುಂದೆ ಹಿಡಿದರು. “ಮೂರು ತಿಂಗಳ ಹಿಂದೆ, ನಿನ್ನ ಕುಕ್ಕರ್ ಕೆಟ್ಟಿದ್ದ ಆ ದಿನಗಳಲ್ಲೇ. ನಿನ್ನ ತಂಗಿ ಮೊದಲನೇ ಪೆಟ್ಟಿಗೆ ಇತ್ತಲ್ಲ...”

“ಕಳೆದುಹೋಯ್ತು ಅಂತ ಅತ್ತಿದ್ಲು. ನಾನೂ ಬೈದಿದ್ದೆ, ಜೋಪಾನ ಇಲ್ಲ ಅಂತ.” ಅವಳು ಸೌಟು ಕೆಳಗಿಳಿಸಿದಳು. “ನೀವಾ?”

“ಆ ಪ್ಲೇಟುಗಳಿದ್ರೆ ನನ್ನ ಪಟ್ಟಿ ಬಯಲಾಗ್ತಿತ್ತು, ತಗೊಂಡು ಬರೋಕೆ ಒಳಗೆ ಹೋದೆ. ಪೆಟ್ಟಿಗೆ ಎತ್ತಿಕೊಂಡು ಬಾಗಿಲಿಗೆ ಬಂದ್ರೆ ಹಿಡಿ ಕೈಗೇ ಬಂತು. ಗುಂಡಿ ಒತ್ತಿದೆ. ಸದ್ದಿಲ್ಲ. ಬಡಿದೆ, ಕೂಗಿದೆ. ಹತ್ತು ನಿಮಿಷ ಆಗಿರಬಹುದು. ಆಚೆ ಯಾರೋ ಇದ್ರು. ನಾನು ಬಡಿಯೋದು ಅವರಿಗೆ ಕೇಳಿಸ್ತಾ ಇತ್ತು, ಯಾಕಂದ್ರೆ ನಾನು ಬಡಿದಾಗ ಅವರು ನಿಲ್ಲಿಸ್ತಾ ಇದ್ರು.”

“ಏನನ್ನ?”

“ಶಿಳ್ಳೆ,” ಎಂದರು ಸಾಹೇಬರು. “ಆಚೆ ನಿಂತು ಶಿಳ್ಳೆ ಹಾಕ್ತಾ ಇದ್ದ.”

ಸೌಟಿನ ಹಿಡಿಯ ಮೇಲೆ ಅವಳ ಬೆರಳು ಒಂದೊಂದಾಗಿ ತಣ್ಣಗಾದವು.

“ಆಮೇಲೆ ಬಾಗಿಲು ತೆಗೆದ. ನನ್ನ ಕೈಯಲ್ಲಿ ನಿನ್ನ ತಂಗಿ ಪೆಟ್ಟಿಗೆ. ಅವನು ಅದನ್ನ ನೋಡಿದ, ನನ್ನನ್ನ ನೋಡಿದ. ‘ಸಾಹೇಬರೇ, ಮುಂದಿನ ತಿಂಗಳು ನನ್ನ ರಿಟೈರ್‌ಮೆಂಟು, ಏನಾದ್ರೂ ಮಾಡಿ’ ಅಂದ. ಇನ್ನೇನೂ ಹೇಳಲಿಲ್ಲ.”

ಮಾವನಿಗೆ ಎರಡು ವರ್ಷ ಹೆಚ್ಚಿಗೆ ಕೆಲಸ ಸಿಕ್ಕಿದ ದಿನ ಮನೆಯಲ್ಲಿ ಮೂವರೂ ಕುಣಿದಿದ್ದರು. ಕೆಲಸ ಬಿಟ್ಟರೆ ನಾನು ಸತ್ತ ಹಾಗೇ ಕಣ್ರೇ, ಎಂದಿದ್ದ ಮಾವ. ಸಾಹೇಬರು ದೊಡ್ಡ ಮನುಷ್ಯರು ಎಂದಿದ್ದಳು ಸೌಟಕ್ಕ. ತಂಗಿ ಮಾವನ ಸ್ಪ್ಯಾನರಿಗೆ ಹೂವು ಮುಡಿಸಿ ನಕ್ಕಿದ್ದಳು.

“ಹಿಡಿ ಅವನೇ ಸರಿಮಾಡಿದ,” ಸಾಹೇಬರ ದನಿ ಈಗ ಪಿಸುಗುಟ್ಟುತ್ತಿತ್ತು. “ಗಂಟೆನೂ ಸರಿಮಾಡಿದೀನಿ ಅಂತ ಬರಕೊಂಡು ಬಂದ. ನಾನು ಸಹಿ ಹಾಕಿದೆ. ಒತ್ತಿ ನೋಡಲಿಲ್ಲ. ಹೋದ ವಾರ ನಿನ್ನ ತಂಗಿ ನನ್ನ ಕೋಣೇಲಿ ನಿಂತು, ಮೇಲಿನವರಿಗೆ ದೂರು ಕೊಡ್ತೀನಿ ಅಂದಾಗ ಅವನೂ ಅಲ್ಲೇ ಇದ್ದ. ಫ್ಯಾನು ರಿಪೇರಿ ಮಾಡ್ತಾ ಇದ್ದ. ಏಣಿ ಮೇಲೆ.”

“ಸುಳ್ಳು.”

“ನನಗೆ ಸುಳ್ಳು ಹೇಳೋಕೆ ಇನ್ನೇನು ಉಳಿದಿದೆಯಮ್ಮಾ? ನಾನು ಹೋದ್ರೆ ಅವನೂ ಹೋಗ್ತಾನೆ. ಅದು ಅವನಿಗೆ ಗೊತ್ತಿತ್ತು.”

“ಸುಳ್ಳು!” ಎಂದಳು ಮತ್ತೆ. ಆದರೆ ಬೆಳಗಿನ ಹಸಿರು ಅವಳ ಕಣ್ಣ ಮುಂದೆಯೇ ಇತ್ತು. ಮೂವತ್ತು ವರ್ಷ ತಂತಿ ಕತ್ತರಿಸಿದವನು. ಕತ್ತಲಲ್ಲಿ ಮುಟ್ಟಿದರೆ ಸಾಕು, ಹೊಸ ತುದಿ ಯಾವುದು, ಹಳೆಯದು ಯಾವುದು ಎಂದು ಹೇಳಬಲ್ಲವನು. ಸಾಹೇಬರನ್ನು ಸಿಕ್ಕಿಸಲು ಅಂದು ಈ ತಂತಿ ಕತ್ತರಿಸಿದ್ದೂ ಅವನೇ ಇರಬೇಕು. ಅವನ ಕಣ್ಣಿಗೆ ಯಾವ ಮಂಜೂ ಇರಲಿಲ್ಲ. ಮಂಜು ಕವಿದಿದ್ದು ಅವಳ ಕಣ್ಣಿಗೆ, ಸಾಕಿದವನು ಎಂದು.

ಎಷ್ಟು ಸಿಟ್ಟು ಇದ್ದರೂ ಅದಕ್ಕೆ ಇಷ್ಟು ಹೊತ್ತು ಒಂದು ಮುಖವಿತ್ತು, ಇಸ್ತ್ರಿ ಹಾಕಿದ ಮುಖ. ಈಗ ಅದು ತನ್ನ ಮನೆಯ ಬಾಗಿಲಿಗೇ ತಿರುಗಿತು. ಅನ್ನ ಕಲಸಿ ಬಾಯಿಗಿಟ್ಟ ಕೈ, ಜ್ವರ ಬಂದಾಗ ಹಣೆ ಮುಟ್ಟಿದ ಕೈ. ಅದೇ ಕೈ ನಾಲ್ಕು ತಿರುಪು ಬಿಚ್ಚಿ ಜೇಬಿಗೆ ಹಾಕಿಕೊಂಡಿತೇ? ಆ ಸಂಜೆಯೂ ಶಿಳ್ಳೆ ಹಾಕಿದನೇ? ಒಳಗಿನಿಂದ ಬಡಿತ ಬಂದಾಗ ನಿಲ್ಲಿಸಿದನೇ?

ಗೋಡೆಯ ಫೋನು ಬಡಿದುಕೊಂಡಿತು.

ಇಬ್ಬರೂ ಬೆಚ್ಚಿಬಿದ್ದರು. ನೆಲದ ಮೇಲಿನ ಪುಡಿಯಲ್ಲಿ ಹೆಜ್ಜೆ ಮೂಡಿಸುತ್ತ ಹೋಗಿ ಅವಳು ಎತ್ತಿಕೊಂಡಳು.

“ಅಕ್ಕಾ, ಆಸ್ಪತ್ರೆಯಿಂದ, ಮೂರನೇ ವಾರ್ಡಿನ ನರ್ಸು ಮಾತಾಡ್ತಿರೋದು. ಸಿಹಿ ಸುದ್ದಿ! ನಿಮ್ಮ ತಂಗಿ ಕಣ್ಣು ಬಿಟ್ಟಿದಾಳೆ. ಮಾತೂ ಆಡೋಕೆ ಶುರು ಮಾಡಿದಾಳೆ, ‘ತಿರುಪು, ತಿರುಪು’ ಅಂತ ಏನೋ ಗೊಣಗ್ತಾ ಇದಾಳೆ ಪಾಪ.”

ಸೌಟಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಮಾವ... ಮಾವ ಎಲ್ಲಿದಾರೆ?”

“ಅಲ್ಲೇ ಪಕ್ಕದಲ್ಲೇ. ಎಂಥಾ ಮನುಷ್ಯರಪ್ಪ! ಮಗು ಗಲಾಟೆಗೆ ಹೆದರುತ್ತೆ, ಯಾರೂ ಬೇಡ ಅಂತ ನಮ್ಮನ್ನೆಲ್ಲ ಆಚೆ ಕಳಿಸಿ ಬಾಗಿಲು ಹಾಕ್ಕೊಂಡ್ರು.”

“ಬಾಗಿಲು ತೆಗೀರಿ. ಈಗಲೇ. ಅವಳ ಕೈಯಲ್ಲಿ ಬೆಲ್ ಇದೆಯಲ್ಲ, ಮಂಚದ ಬೆಲ್ಲು, ಅದು...”

“ಅಯ್ಯೋ ಅದು ಇಲ್ಲ ಅಕ್ಕಾ. ಕೆಟ್ಟಿದೆ, ನಾನು ಸರಿಮಾಡ್ತೀನಿ ಅಂತ ನಿಮ್ಮ ಮಾವನೇ ಆಗ ಬಿಚ್ಚಿಟ್ಕೊಂಡ್ರು.”

ಸೌಟಕ್ಕನ ಕಣ್ಣು ಮೇಜಿನ ಮೇಲಿನ ನಾಲ್ಕನೆಯ ಪಾಲಿನ ಮೇಲೆ ನಿಂತುಬಿಟ್ಟಿತು.